ಬೀಡಿಕಟ್ಟಿನ ಕ್ಷೇತ್ರಗಣಿತ

ಉದ್ದವನ್ನು ಅಗಲದಿಂದ ಗುಣಿಸಿದರೆ ವಿಸ್ತೀರ್ಣ ಸಿಗುತ್ತದೆ ಎಂದು ಪ್ರಾಚೀನರು ನಂಬಿದ್ದರು. ಭಾರತದ ತಂಬಾಕು ಉದ್ಯಮ ಈ ಮತವನ್ನು ಖಂಡಿಸಿ ದಶಕಗಳೇ ಆದವು. ಪೊಟ್ಟಣದ ಮೇಲಿನ ಎಚ್ಚರಿಕೆ ಚಿತ್ರದ ವಿಸ್ತೀರ್ಣ ನಿರ್ಧಾರವಾಗುವುದು ದೆಹಲಿಗೆ ಹೋಗಿಬಂದ ನಿಯೋಗಗಳ ಸಂಖ್ಯೆಯಿಂದ ಎಂಬುದೇ ಈ ಪ್ರಬಂಧದ ಪ್ರತಿಜ್ಞೆ.

ಮೊದಲು ಪೂರ್ವೇತಿಹಾಸ. ತಲೆಬುರುಡೆ ಮತ್ತು ಎಲುಬಿನ ಚಿತ್ರ ಇರಲೇಬೇಕೆಂದು 2003ರ ಕಾನೂನು ಹೇಳಿತ್ತು. ಬುರುಡೆಗೆ ಆಕ್ಷೇಪ ಬಂತು. 2007ರಲ್ಲಿ ಕಾನೂನೇ ತಿದ್ದುಪಡಿಯಾಗಿ ಬುರುಡೆ ಐಚ್ಛಿಕವಾಯಿತು. ಅಂತೂ ಇಂತೂ 2009ರ ಮೇ 31ರಂದು ಚಿತ್ರಗಳು ಬಂದಾಗ ಅಗಿಯುವ ತಂಬಾಕಿನ ಪೊಟ್ಟಣದ ಮೇಲೆ ಒಂದು ಚೇಳು ಕೂತಿತ್ತು. ಅದನ್ನು ಕಂಡವನಿಗೆ ಕ್ಯಾನ್ಸರಿಗಿಂತ ಮೊದಲು ರಾಶಿಫಲ ನೆನಪಾಗಿದ್ದರೆ ತಪ್ಪು ಅವನದಲ್ಲ.

ಇನ್ನು ಮುಖ್ಯ ಪ್ರಮೇಯ. ಒಂದೇ ಬದಿಗೆ ಶೇ. 40ರಷ್ಟಿದ್ದ ಚಿತ್ರ ಎರಡೂ ಬದಿಗೆ ಶೇ. 85 ಆಗಬೇಕೆಂದು 2014ರ ಅಕ್ಟೋಬರಿನಲ್ಲಿ ಆರೋಗ್ಯ ಸಚಿವಾಲಯ ಹೇಳಿತು. 2015ರ ಏಪ್ರಿಲ್ 1ರಿಂದ ಜಾರಿಯಾಗಬೇಕಿತ್ತು. ಅಷ್ಟರಲ್ಲಿ ಸಂಸದೀಯ ಸಮಿತಿಯೊಂದು ಅಡ್ಡ ಬಂತು. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ ಎನ್ನಲು ಭಾರತದಲ್ಲಿ ನಡೆದ ಅಧ್ಯಯನವಿಲ್ಲ, ಇರುವುದೆಲ್ಲ ಹೊರದೇಶದ್ದು ಎಂದರು ಅದರ ಅಧ್ಯಕ್ಷ ದಿಲೀಪ್ ಗಾಂಧಿ. ಭಾರತೀಯ ಶ್ವಾಸಕೋಶದೊಳಗೆ ಕಾಲಿಡಲು ಪರದೇಶಿ ರೋಗಕ್ಕೆ ವೀಸಾ ಬೇಕೆಂಬುದು ಇದರಿಂದ ಸಿದ್ಧವಾಯಿತು. ಸಮಿತಿಯ ಸದಸ್ಯರೂ ಸ್ವತಃ ಬೀಡಿ ಉದ್ಯಮಿಯೂ ಆಗಿದ್ದ ಅಲಹಾಬಾದಿನ ಸಂಸದ ಶ್ಯಾಮಾ ಚರಣ್ ಗುಪ್ತ, ಎಡೆಬಿಡದೆ ಬೀಡಿ ಸೇದಿಯೂ ಗಟ್ಟಿಮುಟ್ಟಾಗಿರುವವರನ್ನು ತೋರಿಸಬಲ್ಲೆ ಎಂದರು. ತರ್ಕಶಾಸ್ತ್ರದಲ್ಲಿ ಇದಕ್ಕೆ ಪ್ರತ್ಯಕ್ಷ ಪ್ರಮಾಣವೆಂದು ಹೆಸರು. ಸತ್ತವರನ್ನು ಎದುರು ಸಾಕ್ಷಿಯಾಗಿ ಕರೆಸಲು ಬರುವುದಿಲ್ಲ ಎಂಬುದೇ ಇದರ ಬಲ.

ಜಾರಿ ಒಂದು ವರ್ಷ ಮುಂದೆ ಹೋಯಿತು. ಸಮಿತಿ ಕೊನೆಗೆ ಶೇ. 50 ಸಾಕೆಂದಿತು. ಸರ್ಕಾರ 2016ರ ಏಪ್ರಿಲಿನಲ್ಲಿ 85ನ್ನೇ ಜಾರಿಗೆ ತಂದಾಗ ದೊಡ್ಡ ಸಿಗರೇಟು ಕಂಪನಿಗಳು ಉತ್ಪಾದನೆ ನಿಲ್ಲಿಸಿ ಮುನಿಸಿಕೊಂಡವು. ದೇಶದ ಆರೋಗ್ಯಕ್ಕೆ ಅವು ನೇರವಾಗಿ ಸಲ್ಲಿಸಿದ ಸೇವೆ ಬಹುಶಃ ಅದೊಂದೇ. 2017ರ ಡಿಸೆಂಬರಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಆ ನಿಯಮವನ್ನು ರದ್ದು ಮಾಡಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು.

ಪೂರ್ವಪಕ್ಷವೊಂದಿದೆ: ದಕ್ಷಿಣ ಕನ್ನಡದಲ್ಲಿ ಜಗಲಿಯ ಮೇಲೆ ಕೂತು ಬೀಡಿ ಕಟ್ಟುವ ಹೆಂಗಸಿನ ಗತಿಯೇನು? ಪ್ರಶ್ನೆ ನಿಜವಾದದ್ದೇ. ಆದರೆ ಉದ್ಯಮಕ್ಕೆ ಅವಳ ಹೊಟ್ಟೆಪಾಡು ನೆನಪಾಗುವುದು ಚಿತ್ರ ದೊಡ್ಡದಾದಾಗ, ತೆರಿಗೆ ಏರಿದಾಗ. ಕಟ್ಟಿದ್ದನ್ನು ಒಪ್ಪಿಸುವ ಬ್ರಾಂಚಿನಲ್ಲಿ ಅವಳ ಬೀಡಿಯನ್ನು ಸರಿಯಿಲ್ಲವೆಂದು ತೆಗೆದು ಕೂಲಿ ಮುರಿದುಕೊಂಡ ದಿನ ಮಾಲೀಕರ ಯಾವ ನಿಯೋಗವೂ ದೆಹಲಿಯ ರೈಲು ಹತ್ತಿದ್ದು ಶಾಸ್ತ್ರಗಳಲ್ಲಿ ಕಾಣುವುದಿಲ್ಲ.

ಉಪಪ್ರಮೇಯ: 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟಿಗೆ ಶೇ. 40, ಬೀಡಿಗೆ ಶೇ. 18 ಎಂದು ತೀರ್ಮಾನಿಸಿತು. ಅದಕ್ಕೆ ಮೊದಲು ಬೀಡಿಯ ಮೇಲಿದ್ದದ್ದು ಶೇ. 28.