ದ್ವಿಧಾರಾ ಗಿಟಾರ್ ಮೀಮಾಂಸೆ: ಫಸ್ಟ್ ಸ್ಟೇಜ್

ಮೈಸೂರಿನ ನಮ್ಮ ವಿಜಯನಗರ ಬಡಾವಣೆಯಂತೆ ಈ ಗ್ರಂಥಕ್ಕೂ ನಾಲ್ಕು ಸ್ಟೇಜುಗಳು. ಮುಗಿದಿರುವುದು ಮೊದಲನೆಯದು, ಉಳಿದ ಮೂರು ಸದ್ಯಕ್ಕೆ ನಕ್ಷೆಯಲ್ಲಿವೆ.

ಸೂತ್ರ: ಗಿಟಾರ್ ಒಂದು, ಧಾರೆ ಎರಡು, ಆಕ್ಷೇಪಣೆ ಅಸಂಖ್ಯ.

ವೃತ್ತಿ: ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದು ದಾರಿ ಹಿಡಿಯಬೇಕು, ಉಳಿದ ಬೆರಳುಗಳು ತೆಳು ತಂತಿಗಳ ಮೇಲೆ ಇನ್ನೊಂದು. ಎರಡೂ ಅಲ್ಲೇ, ಆ ಕ್ಷಣದಲ್ಲೇ ಹುಟ್ಟಬೇಕು. ಡಿ ಮೈನರ್ ಸೆವೆಂತ್‌ನಿಂದ ಜಿ ಸೆವೆಂತ್‌ಗೆ ಹೋಗುವಾಗ ಎಫ್ ಕದಲದೆ ಕೂತಿರುತ್ತದೆ, ಸಿ ಒಂದು ಮೆಟ್ಟಿಲು ಇಳಿದು ಬಿ ಆಗುತ್ತದೆ. ಅಲ್ಲಿಂದ ಸಿ ಮೇಜರ್ ಸೆವೆಂತ್‌ಗೆ ಬಂದರೆ ಕೂರುವ ಸರದಿ ಬಿ-ಯದು, ಇಳಿಯುವ ಸರದಿ ಎಫ್-ನದು. ಅವಿಭಕ್ತ ಕುಟುಂಬದಲ್ಲಿ ಬಾಳಿ ಪಳಗಿದವರೇ ಮಾಡಿದ ಏರ್ಪಾಡಿದು ಎಂದು ನನ್ನ ಗುಮಾನಿ. ಜಾಝ್ ದಿಗ್ಗಜರಾದ ಬೆನ್ನಿ ಗುಡ್‌ಮನ್, ರೆಡ್ ನಾರ್ವೋ ಅವರೊಡನೆ ನುಡಿಸಿದ ಗಿಟಾರ್ ವಾದಕ ಜಿಮ್ಮಿ ವೈಬಲ್ (1922-2010) ಈ ಎರಡೆಳೆ ವಿದ್ಯೆಗೆಂದೇ ಪಾಠಗಳನ್ನು ಬರೆದಿಟ್ಟು ಹೋದರು. ಅವನ್ನು ಓದಲು ಬರುತ್ತದೆ. ಬೆರಳುಗಳಿಗೆ ಓದಿ ಹೇಳುವುದೇ ಕಷ್ಟ.

ಪೂರ್ವಪಕ್ಷ: 'ಇದೆಲ್ಲ ನಮ್ಮ ಮೈಸೂರಿನದಲ್ಲ.'

ಖಂಡನೆ: ವೀಣೆಯನ್ನು ನೋಡಿ. ನುಡಿಸಲು ನಾಲ್ಕು ತಂತಿ, ಪಕ್ಕದಲ್ಲಿ ತಾಳದ ತಂತಿ ಮೂರು. ಮೇಲೆ ರಾಗ ಹರಿಯುತ್ತಿದ್ದರೆ ಕಿರುಬೆರಳು ತನ್ನ ಪಾಡಿಗೆ ತಾಳ ಮೀಟುತ್ತಿರುತ್ತದೆ. ಎರಡನೆಯ ಧಾರೆಗೆ ಇದಕ್ಕಿಂತ ಮನೆತನದ ಸಾಕ್ಷಿ ಬೇಕೇ? ಜಯಚಾಮರಾಜ ಒಡೆಯರು ಒಂದು ಕಡೆ ಕರ್ನಾಟಕ ಕೃತಿಗಳನ್ನು ರಚಿಸುತ್ತಲೇ ಇನ್ನೊಂದು ಕಡೆ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರನ ಸಂಗೀತದ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಟ್ನರ್ ಜಾಝ್‌ನವನಲ್ಲ ಎಂಬ ಸಣ್ಣ ತೊಡಕನ್ನು ಅಡಿಟಿಪ್ಪಣಿಗೆ ತಳ್ಳಿದ್ದೇನೆ. ಈ ಗ್ರಂಥದಲ್ಲಿ ಅಡಿಟಿಪ್ಪಣಿಗಳಿಲ್ಲ. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮರುಳಾದದ್ದು ನಮ್ಮ ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. 2008ರಲ್ಲಿ ಜಾಝ್ ವಾದಕ ರುದ್ರೇಶ್ ಮಹಾಂತಪ್ಪನವರೊಡನೆ 'ಕಿನ್ಸ್‌ಮೆನ್' ಆಲ್ಬಂ ಬಂತು. ಪೂರ್ವಪಕ್ಷಿ ಈಗ ಕಾಫಿ ಕುಡಿದು ಹೊರಡಬಹುದು.

ಇನ್ನು ಸಾಧನಾಧಿಕರಣ. ಅಷ್ಟಾವಧಾನದಲ್ಲಿ ಅವಧಾನಿ ಒಬ್ಬ, ಅವನನ್ನು ಪ್ರಶ್ನೆಗಳಿಂದ ಕಾಡುವ ಪೃಚ್ಛಕರು ಎಂಟು ಮಂದಿ. ವಿಜಯನಗರದಲ್ಲಿ ಗಿಟಾರ್ ಅಭ್ಯಾಸವೆಂದರೆ ಅದೇ. ಪೃಚ್ಛಕರನ್ನು ಆಹ್ವಾನಿಸುವ ಖರ್ಚು ಮಾತ್ರ ಇಲ್ಲ. ನಿಷೇಧಾಕ್ಷರಿಯ ಸ್ಥಾನದಲ್ಲಿ ಮಹಡಿಯ ಮೇಲಿನ ಓನರ್: ರಾತ್ರಿ ಒಂಬತ್ತರ ಮೇಲೆ ಆಂಪ್ಲಿಫಯರ್ ನಿಷಿದ್ಧ, ಭಾನುವಾರ ಮಧ್ಯಾಹ್ನ ಗಿಟಾರೇ ನಿಷಿದ್ಧ. ಘಂಟೆಯ ಸದ್ದು ಎಣಿಸಬೇಕಾದ ಘಂಟಾಗಣನೆ ನನ್ನ ಹೆಂಡತಿಯದು. ಎರಡು ಧಾರೆಗಳೂ ಅಪರೂಪಕ್ಕೆ ಕೂಡಿಬಂದ ಗಳಿಗೆಯಲ್ಲಿ ಹಜಾರದಿಂದ ಪ್ರಶ್ನೆ ಬರುತ್ತದೆ: "ರೀ, ಕುಕ್ಕರ್ ಎಷ್ಟು ಸಲ ಕೂಗ್ತು?" ಪಾಶ್ಚಾತ್ಯ ಶಾಸ್ತ್ರಕಾರರು ಈ ಮೂರನೆಯ ಧಾರೆಯ ಬಗ್ಗೆ ಮೌನವಾಗಿದ್ದಾರೆ. ವರ್ಷಕ್ಕೊಮ್ಮೆ, ಜನವರಿ 1ರಂದು, ಯೋಗಾನರಸಿಂಹಸ್ವಾಮಿ ದೇವಸ್ಥಾನದ ಲಡ್ಡಿಗೆ ಊರೇ ಸಾಲು ನಿಂತಿರುವಾಗ ಗಿಟಾರಿಗೆ ಕೈಹಾಕುವುದು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ.

ಓನರ್ ನಿಷೇಧಕ್ಕೆ ಪರಿಹಾರ ಇಂಡಿಯಾನಾಪೊಲಿಸ್‌ನಲ್ಲಿದೆ. ಅಲ್ಲಿನ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್ಗೊಮರಿ (1923-1968) ಹಗಲು ದುಡಿದು ರಾತ್ರಿ ಅಭ್ಯಾಸಕ್ಕೆ ಕೂರುತ್ತಿದ್ದ. ನೆರೆಹೊರೆಯವರ ನಿದ್ದೆ ಕೆಡದಿರಲೆಂದು ಪಿಕ್ ಬಿಟ್ಟು ಹೆಬ್ಬೆರಳಿನ ಮೆತ್ತನೆಯ ಭಾಗದಿಂದ ಮೀಟಿದ. ಜಗತ್ತು ತಲೆದೂಗಿದ ಆ ಮೃದು ನಾದದ ಹಿಂದೆ ಅಕ್ಕಪಕ್ಕದವರ ಗೊಣಗಾಟವಿದೆ. ಜಾಝ್ ಚರಿತ್ರೆಯಲ್ಲಿ ನಮ್ಮ ಓನರ್ ಜಾತಿಯವರಿಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಪೃಚ್ಛಕರಲ್ಲಿ ಕೊನೆಯವನು ಅಪ್ರಸ್ತುತ ಪ್ರಸಂಗಿ. ಅವಧಾನಿ ಎಣಿಸುತ್ತಿರುವಾಗಲೇ ಹರಟೆಗೆಳೆಯುವುದು ಅವನ ಕರ್ತವ್ಯ. ಲಯ ತಪ್ಪದೆ ಅವನಿಗೂ ಉತ್ತರಿಸಬೇಕೆಂಬುದು ನಿಯಮ. ಎದುರುಮನೆಯ ನಿವೃತ್ತ ಮೇಷ್ಟರು ಹಾಲಿನ ಪ್ಯಾಕೆಟ್ ಹಿಡಿದು ಗೇಟಿನ ಹತ್ತಿರ ನಿಂತರು.

"ಚೆನ್ನಾಗಿ ನುಡಿಸ್ತೀರಿ. ಆದ್ರೆ ನಿಮ್ಮ ಜೊತೆ ಇನ್ನೊಬ್ರು ನುಡಿಸ್ತಾರಲ್ಲ, ಅವರಿಗೆ ತಾಳ ಸ್ವಲ್ಪ ಕಷ್ಟ ಕಣ್ರೀ."

ಮನೆಯಲ್ಲಿ ನನ್ನ ಬಿಟ್ಟರೆ ಗಿಟಾರ್ ಮುಟ್ಟುವವರಿಲ್ಲ. ದ್ವಿಧಾರಾಸಿದ್ಧಿಗೆ ಇಷ್ಟು ಗಟ್ಟಿಯಾದ ಶಬ್ದಪ್ರಮಾಣ ಬೇರೆಲ್ಲೂ ಸಿಕ್ಕಿಲ್ಲ.

"ಅವರಿಗೆ ಹೇಳ್ತೀನಿ ಮೇಷ್ಟ್ರೆ," ಎಂದೆ.