ಭಾಂಬುರ್ಡೆಬಾಯಿಯ ಜುಟ್ಟಿನ ಗಂಟು

ಪುಣೆಯಲ್ಲಿ ಸಲಹೆ ಪುಕ್ಕಟೆ, ಬೇಡವೆನ್ನುವುದೇ ದುಬಾರಿ. ರಸ್ತೆಯಲ್ಲಿ ಸ್ಕೂಟರು ಒಮ್ಮೆ ಕೆಮ್ಮಿದರೆ ಸಾಕು, ಹೋಗುವವರೆಲ್ಲ ನಿಂತು ಪ್ಲಗ್ಗಿನ ಮೇಲೆ ಉಪನ್ಯಾಸ ಕೊಡುತ್ತಾರೆ. ನೆತ್ತಿಯ ಕೂದಲು ತೆಳುವಾದರೆ ಹಾಲು ತರುವ ಹುಡುಗನೂ ಒಂದು ಎಣ್ಣೆಯ ಹೆಸರು ಹೇಳಿಯೇ ಮುಂದಿನ ಮನೆಗೆ ಹೋಗುತ್ತಾನೆ. ಆದರೂ ಈ ಊರಿನ ಪಾಂಡಿತ್ಯ ಎಷ್ಟು ದೂರ ಹಬ್ಬಿದೆ ಎಂದು ನನಗೆ ತಿಳಿದದ್ದು ನಮ್ಮ ಕೋಳಿಯ ಜುಟ್ಟಿನ ಮೇಲೆ ಕಾಳುಮೆಣಸಿನಷ್ಟು ದೊಡ್ಡ ಗಂಟೊಂದು ಎದ್ದಾಗ.

ನಾವಿರುವುದು ಶಿವಾಜಿನಗರದಲ್ಲಿ, ಕೃಷಿ ಕಾಲೇಜಿನ ಹೊಲಗಳಿಗೆ ಬೆನ್ನು ಹಾಕಿ ಕೂತಿರುವ ಹಳೆಯ ಬಂಗಲೆಯೊಂದರ ನೆಲಮಹಡಿಯಲ್ಲಿ. ಹಿಂದೆ ಇದೆಲ್ಲ ಭಾಂಬುರ್ಡೆ ಎಂಬ ಹಳ್ಳಿ. ಈಗ ಕೋರ್ಟು, ಆಕಾಶವಾಣಿ, ರೈಲ್ವೆ ಸ್ಟೇಷನ್ನು, ನೆಲದಡಿಯಲ್ಲಿ ಮೆಟ್ರೊ. ಹಳೆಯದೆಂದು ಉಳಿದಿರುವುದು ಜಂಗಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರ ಗುಹೆ. ಅದು ರಾಷ್ಟ್ರಕೂಟರ ಕಾಲದ್ದು. ರಾಷ್ಟ್ರಕೂಟರು ನಮ್ಮವರಲ್ಲವೇ ಎಂದು ಮರಾಠಿ ಸ್ನೇಹಿತರ ಮುಂದೆ ನಾನು ಆಗಾಗ ಒಂದಂಗುಲ ಎತ್ತರವಾಗುವುದುಂಟು. ಅದು ಬಿಟ್ಟರೆ ಹಳ್ಳಿಯ ಕಳೆ ಉಳಿದಿರುವುದು ನಮ್ಮ ಹಿತ್ತಲಿನಲ್ಲೇ. ಅಲ್ಲಿ ಮೂರು ಗಾವ್ಠಿ, ಅಂದರೆ ನಾಟಿ, ಕೋಳಿಗಳಿವೆ. ಹಿರಿಯ ಹೇಂಟೆಗೆ ಊರಿನ ಹಳೆಯ ಹೆಸರನ್ನೇ ಇಟ್ಟಿದ್ದೇವೆ: ಭಾಂಬುರ್ಡೆಬಾಯಿ. ನಡಿಗೆಯೂ ಹಾಗೇ, ಜಮೀನು ಕಳೆದುಕೊಂಡ ಪಾಟೀಲರ ಮನೆಯ ಗತ್ತಿನದು.

ಗಂಟನ್ನು ಮೊದಲು ಕಂಡವಳು ಮಗಳು. ಮೊದಲು ಪರೀಕ್ಷಿಸಿದವಳು ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ಅಮ್ಮ. ಕೋಳಿಯನ್ನು ಮಡಿಲಲ್ಲಿ ಮಲಗಿಸಿಕೊಂಡು, ಜುಟ್ಟನ್ನು ಹಿಂದೆ ಮುಂದೆ ಮಾಡಿ, ಎದೆಯನ್ನೂ ತೊಡೆಯನ್ನೂ ಅಂದಾಜು ಮಾಡಿ, "ಮಸಾಲೆ ಅರೆಯಲಾ?" ಎಂದಳು. ನಮ್ಮೂರಿನ ಕ್ರಮವೇ ಅದು. ಕೋಳಿ ತೂಕಡಿಸಿತೆಂದರೆ ಔಷಧ ಬೀಳುತ್ತಿದ್ದದ್ದು ಕೋಳಿಗಲ್ಲ, ಸಾರಿಗೆ: ಕರಿಮೆಣಸು, ಶುಂಠಿ, ಬೆಳ್ಳುಳ್ಳಿ. ರೋಗ ಯಾವುದೆಂದು ಯೋಚಿಸುವಷ್ಟು ಪುರುಸೊತ್ತು ರೋಗಿಗೂ ಇರುತ್ತಿರಲಿಲ್ಲ, ವೈದ್ಯರಿಗೂ ಇರುತ್ತಿರಲಿಲ್ಲ. ಮಗಳು ಅಳುವುದಕ್ಕೆ ಶುರುಮಾಡಿದ್ದರಿಂದ ಅಮ್ಮ ಚಿಕಿತ್ಸೆಯನ್ನು ಮುಂದೂಡಿದಳು.

ಮರುದಿನದ ಹೊತ್ತಿಗೆ ಸುದ್ದಿ ಗಲ್ಲಿಯಲ್ಲಿ ಹರಡಿತ್ತು, ಗಂಟು ಕಣ್ಣಿನ ಅಂಚಿಗೂ ಗದ್ದದ ಜೋಲಿಗೂ ಹರಡಿತ್ತು. ಮಹಡಿಯ ಮೇಲಿನ ಕಾಕೂ ನೋಡಿದವರೇ ಕೈಮುಗಿದು, ದೇವಿ ಬಂದಿದ್ದಾಳೆ ಎಂದು ಮರಾಠಿಯಲ್ಲಿ ಘೋಷಿಸಿದರು. ಅಮ್ಮನಿಗೆ ಮರಾಠಿ ಬಾರದು, ಕಾಕೂಗೆ ಕನ್ನಡ ಬಾರದು. ಆದರೆ ಅರ್ಧ ಗಂಟೆಯೊಳಗೆ ಇಬ್ಬರೂ ಸೇರಿ ಎಲ್ಲಿಂದಲೋ ಬೇವಿನ ಸೊಪ್ಪು ತಂದು ಕೋಳಿಗೂಡಿಗೆ ತೋರಣ ಕಟ್ಟಿದ್ದರು. ಎದುರು ಮನೆಯ ವಕೀಲರು ಕೋಳಿಯನ್ನು ರಸೀದಿ ಪಡೆದು ಕೊಂಡದ್ದೋ ಹೇಗೆ ಎಂದು ಕೇಳಿದರು. ಸೊಸೈಟಿಯ ಹಿರಿಯರೊಬ್ಬರು 2006ರ ಫೆಬ್ರವರಿಯಲ್ಲಿ ನಂದುರಬಾರ್ ಜಿಲ್ಲೆಯ ನವಾಪುರದಲ್ಲಿ ಹಕ್ಕಿಜ್ವರ ಬಂದದ್ದನ್ನು ನೆನಪಿಸಿ, ಎರಡು ಹೆಜ್ಜೆ ಹಿಂದೆ ನಿಂತು, ಕರವಸ್ತ್ರದೊಳಗಿಂದ ಮಾತಾಡಿದರು. ದೇಶದಲ್ಲಿ ಹಕ್ಕಿಜ್ವರ ಮೊದಲು ಕಾಣಿಸಿದ್ದು ಅಲ್ಲೇ ಎಂಬುದು ನಿಜ. ಆದರೆ ಆ ಜ್ವರ ಜುಟ್ಟಿನ ಮೇಲೆ ಗಂಟು ಎಬ್ಬಿಸಿ ವಾರಗಟ್ಟಲೆ ಕಾಯುವ ಸ್ವಭಾವದ್ದಲ್ಲ, ಹಿಂಡುಹಿಂಡಾಗಿ ಕೆಡವುತ್ತದೆ. ಭಾಂಬುರ್ಡೆಬಾಯಿ ಅವರ ಚಪ್ಪಲಿಯ ಬಾರನ್ನು ಕುಕ್ಕಿ ನೋಡುತ್ತಿದ್ದಳು.

ಶಿಮ್ಲಾ ಆಫೀಸಿನಿಂದ ನಿವೃತ್ತರಾದ ಕಾಕಾ ಒಬ್ಬರಿದ್ದಾರೆ. ಶಿಮ್ಲಾ ಆಫೀಸು ಶಿಮ್ಲಾದಲ್ಲಿಲ್ಲ, ನಮ್ಮ ಶಿವಾಜಿನಗರದಲ್ಲೇ ಇದೆ. 1928ರಲ್ಲಿ ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಬೆಟ್ಟದಿಂದ ಇಲ್ಲಿಗೆ ಇಳಿದು ಬಂದಾಗ ಹೆಸರೂ ಸಾಮಾನಿನ ಜೊತೆ ಇಳಿದು ಬಂತು. ಕಾಕಾ ಯಾವ ಕಾಯಿಲೆಯ ಮೂಲವನ್ನಾದರೂ ಆಕಾಶದಲ್ಲೇ ಹುಡುಕುತ್ತಾರೆ. ಕೋಳಿಯ ಕಡೆ ಕಣ್ಣು ಹಾಯಿಸದೆ, "ಗಣಪತಿ ಮುಳುಗಿದರೂ ಈ ಸಲ ಮಳೆ ನಿಂತಿಲ್ಲ. ಇದು ತೇವದ ಗಂಟು" ಎಂದರು. ನಾವು ಒಳಗೊಳಗೇ ನಕ್ಕೆವು.

ಎಲ್ಲರಿಗಿಂತ ಹೆಚ್ಚು ಕೀರ್ತಿ ಗಳಿಸಿದವರು ಗಲ್ಲಿಯ ತುದಿಯಲ್ಲಿ ಸಕ್ಕರೆ ಗುಳಿಗೆ ಕೊಡುವ ಡಾಕ್ಟರು. ಸಂಜೆ ಬಂದು ತಪಾಸಣೆ ಮಾಡಿದ ಅವರು ಜುಟ್ಟನ್ನು ಬಿಟ್ಟು ಎದೆಗೆ ಕೈಹಾಕಿ, ಬಲಬದಿಯಲ್ಲಿ ಮುಷ್ಟಿ ತುಂಬುವ ಇನ್ನೊಂದು ಗಂಟನ್ನು ಪತ್ತೆಹಚ್ಚಿದರು! ಮನೆಯಲ್ಲಿ ಮೌನ. ನೀರಿಗೆ ನಾಲ್ಕು ಗುಳಿಗೆ ಹಾಕಿ ಕುಡಿಸಿ ಹೋದರು. ಬೆಳಗ್ಗೆ ನೋಡಿದರೆ ಎದೆಯ ಗಂಟು ಮಾಯ. ಅಮ್ಮ ಮಾತ್ರ ಒಲೆಯ ಕಡೆ ತಿರುಗಿಕೊಂಡು ನಗುತ್ತಿದ್ದಳು. ಕೋಳಿ ದಿನವಿಡೀ ಹೆಕ್ಕಿದ್ದೆಲ್ಲ ಮೊದಲು ಸೇರುವುದು ಕತ್ತಿನ ಬುಡದ ಮೇವಿನ ಚೀಲಕ್ಕೆ. ಸಂಜೆಗೆ ಅದು ತುಂಬಿ ಉಬ್ಬುತ್ತದೆ, ರಾತ್ರಿ ಸ್ವಲ್ಪಸ್ವಲ್ಪವಾಗಿ ಇಳಿದು ಬೆಳಗಿಗೆ ಬರಿದಾಗುತ್ತದೆ. ಬೆಳಗ್ಗೆಯೂ ಗಟ್ಟಿಯಾಗಿ ಉಳಿದಿದ್ದರೆ ಆಗ ಗಾಬರಿಯಾಗಬೇಕು. ಇದನ್ನು ಡಾಕ್ಟರಿಗೆ ನಾವು ಹೇಳಲಿಲ್ಲ. ಅಷ್ಟು ಬೇಗ ವಾಸಿಯಾದ ರೋಗಿ ಅವರಿಗೂ ಸಿಕ್ಕಿರಲಾರದು. ಕೊಟ್ಟ ಸಂತೋಷವನ್ನು ಕಿತ್ತುಕೊಳ್ಳುವುದು ಯಾಕೆ?

ನನ್ನ ನಿದ್ದೆ ಕೆಡಿಸಿದವರು ಇವರ್ಯಾರೂ ಅಲ್ಲ, ಪೇಟನ್ ರೌಸ್. 1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಈ ವಿಜ್ಞಾನಿಯ ಬಳಿಗೆ ಒಬ್ಬ ಕೋಳಿ ಸಾಕುವವರು ಪ್ಲಿಮತ್ ರಾಕ್ ಜಾತಿಯ ಹೇಂಟೆಯೊಂದನ್ನು ತಂದರು. ಅದರ ಎದೆಯಲ್ಲಿ ನಿಜವಾದ ಗೆಡ್ಡೆಯಿತ್ತು. ರೌಸ್ ಆ ಗೆಡ್ಡೆಯನ್ನು ಅರೆದು, ಜೀವಕೋಶವೂ ಬ್ಯಾಕ್ಟೀರಿಯವೂ ನುಸುಳದಂತಹ ಸೋಸಣಿಗೆಯಲ್ಲಿ ಸೋಸಿ, ಆ ನೀರನ್ನು ಬೇರೆ ಕೋಳಿಗೆ ಚುಚ್ಚಿದರು. ಅಲ್ಲೂ ಗೆಡ್ಡೆ ಎದ್ದಿತು. ಕ್ಯಾನ್ಸರನ್ನು ವೈರಸ್ಸೂ ತರಬಲ್ಲದು ಎಂದು 1911ರಲ್ಲಿ ಪ್ರಕಟಿಸಿದರೆ ಹೆಚ್ಚಿನವರು ನಂಬಲಿಲ್ಲ. ನೊಬೆಲ್ ಬಹುಮಾನ ಬಂದದ್ದು 1966ರಲ್ಲಿ, ಅವರಿಗೆ 87 ವರ್ಷವಾಗಿದ್ದಾಗ. ಅದೇ ವೈರಸ್ಸಿನ ಜಾಡು ಹಿಡಿದು ಬಿಷಪ್ ಮತ್ತು ವಾರ್ಮಸ್ 1989ರಲ್ಲಿ ಇನ್ನೊಂದು ನೊಬೆಲ್ ತಂದರು. ಒಂದು ಹೇಂಟೆಯ ಎದೆಗೆ ಎರಡು ನೊಬೆಲ್. ನಡುರಾತ್ರಿ ಇದನ್ನೆಲ್ಲ ಓದಿ ಹೆಂಡತಿಯನ್ನು ಎಬ್ಬಿಸಿ ಹೇಳಿದರೆ, "ಆ ಕೋಳಿ ಏನಾಯ್ತು?" ಎಂದು ಒಂದೇ ಪ್ರಶ್ನೆ ಕೇಳಿ ಮಗ್ಗುಲಾದಳು. ವಿಜ್ಞಾನದ ಚರಿತ್ರೆಯಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ನಿದ್ದೆಗಣ್ಣಿನವರೇ ಕೇಳುವುದು.

ಇನ್ನು ತಡಮಾಡಬಾರದೆಂದು ಪಶುವೈದ್ಯರನ್ನು ಹುಡುಕಲು ಹೊರಟೆ. ಕೋಳಿಯ ವಿಷಯದಲ್ಲಿ ಪುಣೆ ಸಾಮಾನ್ಯ ಊರಲ್ಲ. ಬಿ.ವಿ. ರಾವ್ 1971ರಲ್ಲಿ ಕಟ್ಟಿದ, ಇಲ್ಲೇ ನೆಲೆಯೂರಿರುವ ವೆಂಕಟೇಶ್ವರ ಹ್ಯಾಚರೀಸ್ ದೇಶದ ಕೋಳಿ ಉದ್ಯಮದ ದೊಡ್ಡ ಹೆಸರು. ಭಾನುವಾರ, ಸೋಮವಾರ ಎಂದು ನೋಡದೆ ಮೊಟ್ಟೆ ತಿನ್ನಿ ಎಂದು ಭಾರತಕ್ಕೆ ಕಲಿಸಿದ ಮೊಟ್ಟೆ ಸಮನ್ವಯ ಸಮಿತಿ ಹುಟ್ಟಿದ್ದೂ 1982ರಲ್ಲಿ ಅವರ ಮುಂದಾಳ್ತನದಲ್ಲೇ. ಇಂಥ ಊರಿನಲ್ಲಿ ಒಂದು ಕೋಳಿಗೆ ಒಬ್ಬ ಡಾಕ್ಟರು ಸಿಗದೆ ಇರುತ್ತಾರೆಯೇ ಎಂದುಕೊಂಡಿದ್ದೆ. ತೊಡಕು ಇದ್ದದ್ದೇ ಆ 'ಒಂದು' ಎಂಬಲ್ಲಿ. ನಾಯಿ ಬೆಕ್ಕಿನ ಕ್ಲಿನಿಕ್ಕಿನವರು ಕೋಳಿ ಎಂದ ಕೂಡಲೇ ಫೋನನ್ನು ಕಿವಿಯಿಂದ ದೂರ ಹಿಡಿದರು. ಕೋಳಿಯ ತಜ್ಞರೊಬ್ಬರು ಪ್ರೀತಿಯಿಂದಲೇ ವಿಚಾರಿಸಿದರು:

"ಎಷ್ಟು ಸಾವಿರ ಹಕ್ಕಿ?"

"ಮೂರು."

"ಮೂರು ಸಾವಿರವೇ?"

"ಬರೀ ಮೂರು."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ಸತ್ತರೆ ತನ್ನಿ, ಕೊಯ್ದು ನೋಡಿ ಕಾರಣ ಹೇಳುತ್ತೇನೆ ಎಂದರು. ಅದು ನಿರ್ದಯದ ಮಾತಲ್ಲ. ಕೋಳಿವೈದ್ಯದಲ್ಲಿ ರೋಗಿ ಎಂದರೆ ಹಿಂಡು. ಒಂದು ಹಕ್ಕಿಯನ್ನು ತೆರೆದು ನೋಡಿ ಉಳಿದ ಸಾವಿರಾರನ್ನು ಕಾಯುವುದು ಅಲ್ಲಿನ ಧರ್ಮ. ಹೆಸರಿಟ್ಟು ಕರೆಯುವ ಕೋಳಿ ಆ ಶಾಸ್ತ್ರದ ಹೊರಗೆ ನಿಲ್ಲುತ್ತದೆ.

ಕೊನೆಗೆ ಔಂಧ್ ಕಡೆಯ ಒಬ್ಬ ಯುವ ವೈದ್ಯೆ ನಮ್ಮನ್ನು ಒಳಗೆ ಬಿಟ್ಟುಕೊಂಡರು. ಬುಟ್ಟಿಯೊಂದಿಗೆ ಆಟೋ ಹತ್ತಿದರೆ ಡ್ರೈವರು ಕೇಳಿದ್ದು, "ಸಂಚೇತಿ ಕಡೆಗಾ?" ಶಿವಾಜಿನಗರದಲ್ಲಿ ಮುಖ ಬಾಡಿಸಿಕೊಂಡು ಆಟೋ ಹತ್ತುವವರೆಲ್ಲ ಮೂಳೆ ಆಸ್ಪತ್ರೆಗೇ ಹೋಗುವವರೆಂದು ಅವರ ಲೆಕ್ಕ. ವೈದ್ಯೆ ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. ಕೊಕ್ಕು ಬಿಡಿಸಿ ಗಂಟಲೊಳಗೆ ಟಾರ್ಚು ಬಿಟ್ಟರು, ಪಾದ ತಿರುಗಿಸಿ ಅಂಗಾಲಿನಲ್ಲಿ ಕಪ್ಪು ಹೆಕ್ಕಳೆಯ ಬಾವು ಇದೆಯೇ ನೋಡಿದರು, ಆಮೇಲೆ ಹೇಳಿದರು: ಕೋಳಿ ಸಿಡುಬು. ವೈರಸ್ಸಿನಿಂದ ಬರುತ್ತದೆ, ಮನುಷ್ಯರಿಗೆ ಅಂಟುವುದಿಲ್ಲ. ಮಳೆಗಾಲದ ಸೊಳ್ಳೆ ಒಂದು ಹಕ್ಕಿಯಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಮೊದಲು ಬಿಳಿಚಿದ ಗುಳ್ಳೆ, ಆಮೇಲೆ ಹಳದಿ, ಆಮೇಲೆ ಕಂದು ಗಂಟು. ಮೂರು ನಾಲ್ಕು ವಾರಕ್ಕೆ ಒಣಗಿ ಉದುರುತ್ತದೆ. ಬಾಯೊಳಗೆ ಹಳದಿ ಪೊರೆ ಕಟ್ಟಿದರೆ ಅಪಾಯ, ಉಸಿರೇ ಕಟ್ಟಬಹುದು. ಇವಳಿಗೆ ಹಾಗಾಗಿಲ್ಲ.

ಅಂದರೆ ಸೊಳ್ಳೆ. ಸೊಳ್ಳೆ ಎಂದರೆ ನಿಂತ ನೀರು, ನಿಂತ ನೀರೆಂದರೆ ನಿಲ್ಲದ ಮಳೆ. ಶಿಮ್ಲಾ ಆಫೀಸಿನ ಕಾಕಾ ಕೋಳಿಯನ್ನೇ ನೋಡದೆ ಎಲ್ಲರಿಗಿಂತ ಹತ್ತಿರ ಹೋಗಿದ್ದರು!

"ಔಷಧ?" ಎಂದೆ.

"ಇಲ್ಲ."

ಚೀಟಿ ಬರೆಯದ ಡಾಕ್ಟರನ್ನು ನಾನು ಹಿಂದೆ ನೋಡಿರಲಿಲ್ಲ. ಗಂಟಿನ ಮೇಲೆ ಅಯೋಡಿನ್ ಸವರಿ, ಕೀಳಬೇಡಿ, ಕಣ್ಣು ಮುಚ್ಚಿಹೋಗದಂತೆ ಉಗುರುಬಿಸಿ ಉಪ್ಪುನೀರಿನಲ್ಲಿ ಒರೆಸಿ, ಕಾಳು ಕಾಣದೆ ಉಪವಾಸ ಬೀಳದಂತೆ ಮೆತ್ತಗಿನ ಮೇವು ಕೊಡಿ, ಸೊಳ್ಳೆಪರದೆ ಕಟ್ಟಿ, ಕಾಯಿರಿ. ಕಾಯುವುದೊಂದು ಚಿಕಿತ್ಸೆ ಎಂದು ನಮ್ಮ ಗಲ್ಲಿಯನ್ನು ಒಪ್ಪಿಸುವುದು ಹೇಗೆ? ದಿನಾ ಬೆಳಗ್ಗೆ ವಿಚಾರಿಸುವವರ ಸಾಲು ಬೆಳೆಯಿತು. ಕೊನೆಗೆ ಮಗಳು ಪುಣೇರಿ ಸಂಪ್ರದಾಯಕ್ಕೆ ತಕ್ಕಂತೆ ಗೇಟಿಗೆ ಮರಾಠಿಯಲ್ಲಿ ಒಂದು ಪಾಟಿ, ಅಂದರೆ ಸೂಚನಾ ಫಲಕ, ತೂಗುಹಾಕಿದಳು: 'ಕೋಳಿಯ ಜುಟ್ಟಿನ ಕುರಿತು ಮಾಲೀಕರಿಗೆ ಎಲ್ಲ ಗೊತ್ತಿದೆ. ಮಧ್ಯಾಹ್ನ 1ರಿಂದ 4ರವರೆಗೆ ಕೋಳಿ ಯಾರನ್ನೂ ಭೇಟಿ ಮಾಡುವುದಿಲ್ಲ.' ಅಂಗಡಿಗಳೇ ಮಧ್ಯಾಹ್ನ ಬಾಗಿಲು ಹಾಕಿ ಮಲಗುವ ಊರು. ಯಾರಿಗೂ ಇದು ವಿಚಿತ್ರವೆನಿಸಲಿಲ್ಲ. ಜನ ನಾಲ್ಕೂ ಐದಕ್ಕೆ ಬರತೊಡಗಿದರು.

ಉಳಿದೆರಡು ಕೋಳಿಗಳಿಗೆ ಲಸಿಕೆ ಹಾಕಿಸಬೇಕಿತ್ತು. ಲಸಿಕೆಯ ಸೀಸೆ ಬರುವುದು ನೂರಾರು ಹಕ್ಕಿಗಳ ಲೆಕ್ಕದಲ್ಲಿ, ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಇಬ್ಬರು ಊಟಕ್ಕೆ ಕೂರಲು ಇಡೀ ಮದುವೆ ಊಟ ಬೇಯಿಸುವ ಪ್ರಸಂಗ. ವೈದ್ಯೆಯೇ ಉಪಾಯ ಹೇಳಿದರು. ಮುಳಶಿ ಕಡೆಯ ಒಂದು ಫಾರ್ಮಿನಲ್ಲಿ ಲಸಿಕೆ ಹಾಕುವ ದಿನ ನಮ್ಮ ಎರಡು ಕೋಳಿಗಳನ್ನೂ ಸಾಲಿನಲ್ಲಿ ಸೇರಿಸಿದೆವು. ಎರಡು ಮೊನೆಯ ಸೂಜಿಯನ್ನು ಲಸಿಕೆಯಲ್ಲಿ ಅದ್ದಿ, ರೆಕ್ಕೆಯನ್ನು ಬಿಡಿಸಿ, ಒಳಗಿನ ತೆಳು ಚರ್ಮಕ್ಕೆ ಒಮ್ಮೆ ಚುಚ್ಚುತ್ತಾರೆ, ಅಷ್ಟೆ. ಲಸಿಕೆ ಹಿಡಿದಿದ್ದರೆ ವಾರ, ಹತ್ತು ದಿನದೊಳಗೆ ಚುಚ್ಚಿದ ಜಾಗದಲ್ಲಿ ಸಣ್ಣ ಗಂಟು ಏಳಬೇಕು, ಏಳದಿದ್ದರೆ ಮತ್ತೆ ಹಾಕಿಸಬೇಕು. ಹೀಗಾಗಿ, ಅದುವರೆಗೆ ಗಂಟು ಎದ್ದಿತೆಂದು ಕಂಗಾಲಾಗಿದ್ದ ಸಂಸಾರ ಈಗ ಗಂಟು ಏಳಲಿಲ್ಲವಲ್ಲ ಎಂದು ದಿನಾ ಸಂಜೆ ಕನ್ನಡಕ ಏರಿಸಿಕೊಂಡು ರೆಕ್ಕೆ ಎತ್ತಿ ನೋಡತೊಡಗಿತು. ಎರಡಕ್ಕೂ ಎದ್ದಾಗ ಹೆಂಡತಿ ಕೇಸರಿಬಾತು ಮಾಡಿದಳು.

ಭಾಂಬುರ್ಡೆಬಾಯಿಯ ಹೆಕ್ಕಳೆಗಳು ಒಂದೊಂದಾಗಿ ಉದುರಿದವು. ಅವುಗಳಲ್ಲಿ ವೈರಸ್ಸು ತಿಂಗಳುಗಟ್ಟಲೆ ಬದುಕಿರುತ್ತದೆ, ಆರಿಸಿ ಸುಟ್ಟುಬಿಡಿ ಎಂದಿದ್ದರು ವೈದ್ಯೆ. ಅಮ್ಮ ಅವನ್ನು ಆರಿಸಿ, ಉಪ್ಪು ಮತ್ತು ಒಣಮೆಣಸಿನ ಜೊತೆ ಸೇರಿಸಿ, ಕೋಳಿಗೆ ಮೂರು ಸುತ್ತು ನಿವಾಳಿಸಿ ಕೆಂಡಕ್ಕೆ ಹಾಕಿದಳು. ವೈದ್ಯಶಾಸ್ತ್ರಕ್ಕೆ ಭಂಗ ಬರಲಿಲ್ಲ, ದೃಷ್ಟಿಯೂ ಹೋಯಿತು.

ಕೋಳಿ ಗುಣವಾದದ್ದು ಯಾರಿಂದ ಎಂಬ ಪ್ರಶ್ನೆ ಈಗಲೂ ಇತ್ಯರ್ಥವಾಗಿಲ್ಲ. ಕಾಕೂ ಬೇವಿನ ಸೊಪ್ಪಿನ ಪರ, ಡಾಕ್ಟರು ಗುಳಿಗೆಯ ಪರ. ಮಳೆ ನಿಂತದ್ದೇ ಕಾರಣ ಎಂದು ಕಾಕಾ. ಕಾಯಿಲೆಯಲ್ಲಿ ಮೊಟ್ಟೆ ನಿಲ್ಲಿಸಿದ್ದ ಬಾಯಿ ಮತ್ತೆ ಇಡಲು ಶುರುಮಾಡಿದ ದಿನ ಮೊದಲ ಮೊಟ್ಟೆ ಯಾರಿಗೆ ಸಲ್ಲಬೇಕು ಎಂದು ಗೇಟಿನ ಬಳಿ ವಾದ ನಡೆಯುತ್ತಿತ್ತು. ವಕೀಲರು ಪಾಲುದಾರಿಕೆಯ ಕಾನೂನು ವಿವರಿಸುತ್ತಿದ್ದಾಗ ಒಳಗಿನಿಂದ ಈರುಳ್ಳಿ, ಹಸಿಮೆಣಸಿನಕಾಯಿ ಹುರಿದ ಪರಿಮಳ ಬಂತು. ಹೋಗಿ ನೋಡಿದರೆ ಅಮ್ಮ ಆಮ್ಲೆಟ್ಟಿನ ಕೊನೆಯ ತುಂಡಿಗೆ ಉಪ್ಪಿನಕಾಯಿ ಹಚ್ಚಿಕೊಳ್ಳುತ್ತಿದ್ದಳು.