ಯೆಜ್ಡಿ ರಾಯರ ಫೋರ್ಕು

ಮಸ್ಕತ್ತಿನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮ ಕೂಟದಲ್ಲಿ ಅವರಿಗೆ ಯೆಜ್ಡಿ ರಾಯರು ಅಂತ ಹೆಸರು. ಯುಗಾದಿ ಊಟದಲ್ಲಿ ಪಕ್ಕಕ್ಕೆ ಕೂತ ಅಮಾಯಕ ಯಾರಾದರೂ ‘ಹೇಗಿದ್ದೀರಿ ಸಾರ್?’ ಅಂದರೆ ಮುಗಿಯಿತು. ‘ನಾನು ಚೆನ್ನಾಗಿದ್ದೀನಿ, ಎಡಗಡೆ ಫೋರ್ಕ್ ಪೈಪೇ ಸ್ವಲ್ಪ ಬೆಂಡು’ ಎಂದು ಶುರು ಮಾಡಿದರೆ ಪಾಯಸ ಬರುವವರೆಗೆ ನಿಲ್ಲುವುದಿಲ್ಲ.

ರಾಯರ ಯೆಜ್ಡಿ ಬೈಕು ಅಪ್ಪನ ಕಾಲದ್ದು, ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯದ್ದು. 1961ರಿಂದ ಜಾವಾ, ಆಮೇಲೆ ಯೆಜ್ಡಿ ಅಂತ ಹೆಸರು ಬದಲಿಸಿಕೊಂಡು ಗಾಡಿ ಮಾಡಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಈ ಸುದ್ದಿ ರಾಯರಿಗೆ ಇನ್ನೂ ಪೂರ್ತಿ ತಲುಪಿದಂತಿಲ್ಲ. 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕು ರಸ್ತೆಗೆ ಬಂದಾಗ ಯಾರೋ ಅಭಿನಂದನೆ ಹೇಳಿದರು. ‘ಕಿಕ್ ಹೊಡೆಯೋ ಕಡ್ಡಿಯಲ್ಲೇ ಗೇರ್ ಹಾಕೋಕ್ಕಾಗುತ್ತಾ ಅದರಲ್ಲಿ?’ ಎಂದು ಕೇಳಿ ರಾಯರು ಕೈ ತೊಳೆಯಲು ಎದ್ದುಹೋದರು.

ಈಗ ಆ ಬೈಕು ಮೈಸೂರಿನ ಕುವೆಂಪುನಗರದ ಮನೆಯ ಶೆಡ್ಡಿನಲ್ಲಿ ಮುಂದಿನ ಚಕ್ರ ಕಳಚಿಕೊಂಡು ಇಟ್ಟಿಗೆ ಮೇಲೆ ಕೂತಿದೆ. ಫೋರ್ಕು, ಅಂದರೆ ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆ, ಮಸ್ಕತ್ತಿನ ರೂವಿಯ ಫ್ಲಾಟಿನಲ್ಲಿದೆ. ಗುಂಡಿ ಇರುವ ಊರಲ್ಲಿ ಫೋರ್ಕಿಲ್ಲ, ಫೋರ್ಕಿರುವ ಊರಲ್ಲಿ ಗುಂಡಿಯಿಲ್ಲ. ಹಳೇ ಲುಂಗಿಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದದ್ದು. ಮಸ್ಕತ್ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಎರಡು ಕೊಳವೆ ಕಂಡು ಅಧಿಕಾರಿ ಪಕ್ಕಕ್ಕೆ ಕರೆದ. ರಾಯರು ‘ಸೈಕಲ್, ಸೈಕಲ್’ ಎಂದು ಗಾಳಿಯಲ್ಲಿ ಆಕ್ಸಿಲೇಟರ್ ತಿರುಗಿಸಿ ತೋರಿಸಿದರು. ‘ಸೈಕಲ್ ಎಲ್ಲಿ?’ ಅಂದ ಆತ. ‘ಮೈಸೂರು’ ಅಂದರು. ಆ ಮನುಷ್ಯ ಇನ್ನೇನೂ ಕೇಳದೆ ಬಿಟ್ಟುಕಳಿಸಿದನಂತೆ.

ಇಲ್ಲಿಗೇ ಯಾಕೆ ತಂದರು ಎಂಬುದಕ್ಕೆ ರಾಯರ ಹತ್ತಿರ ಕಾರಣವಿದೆ, ಅದು ಸರಿಯಾದ ಕಾರಣವೇ ಅನ್ನುವುದು ನಮ್ಮ ದುರದೃಷ್ಟ. ಹಳೇ ಫೋರ್ಕ್ ಪೈಪಿನ ಕ್ರೋಮು ತುಕ್ಕು ತಿಂದು ಸಣ್ಣ ಸಣ್ಣ ತೂತು ಬಿದ್ದಿರುತ್ತದೆ. ಬ್ರೇಕು ಹಿಡಿದಾಗಲೆಲ್ಲ ಪೈಪು ಮೇಲೆ ಕೆಳಗೆ ಆಡಿ, ಆ ತೂತಿನ ಅಂಚು ಆಯಿಲ್ ಸೀಲಿನ ರಬ್ಬರು ತುಟಿಯನ್ನು ಹೆರೆಯುತ್ತದೆ. ನೀವು ಎಷ್ಟು ಸಲ ಹೊಸ ಸೀಲು ಹಾಕಿದರೂ ಎಣ್ಣೆ ಸೋರುವುದು ಇದಕ್ಕೇ. ಪೈಪನ್ನು ಹಾರ್ಡ್ ಕ್ರೋಮ್ ಮಾಡಿಸಿ ಗ್ರೈಂಡ್ ಮಾಡಿಸಬೇಕು. ಜೆಸಿಬಿಯ ಕೈ ಎತ್ತುವ ಹೈಡ್ರಾಲಿಕ್ ರಾಡಿಗೂ ಮಾಡುವುದು ಅದನ್ನೇ. ಊರಿಗೂರೇ ಕಟ್ಟುತ್ತಿರುವ ಗಲ್ಫಿನಲ್ಲಿ ಜೆಸಿಬಿಗೆ ಬರವೇ? ಸೀಲಿಗೂ ಕಂಪನಿ, ಮಾಡೆಲ್ಲು ಬೇಕಿಲ್ಲ. ಒಳವ್ಯಾಸ, ಹೊರವ್ಯಾಸ, ದಪ್ಪ, ಈ ಮೂರು ಅಳತೆ ಹೊಂದಿದರೆ ಸಾಕು. ಹಾಗಾಗಿ ಶುಕ್ರವಾರ ಶನಿವಾರ ನಾವೆಲ್ಲ ಮತ್ರಾ ಕಡಲಂಚಿಗೆ ಹೊರಟರೆ, ಕಿಸೆಯಲ್ಲಿ ವರ್ನಿಯರ್ ಇಟ್ಟುಕೊಂಡ ರಾಯರು ವಾದಿ ಕಬೀರಿನ ವರ್ಕ್‌ಶಾಪುಗಳ ಸಂದಿಯಲ್ಲಿ ಸಿಗುತ್ತಾರೆ. ಅಲ್ಲಿನ ಮಲಯಾಳಿ ಲೇತ್‌ನವನೊಡನೆ ಅವರಾಡುವ ಭಾಷೆ ಕನ್ನಡವೂ ಅಲ್ಲ ಮಲಯಾಳವೂ ಅಲ್ಲ, ಪೂರ್ತಿ ಮಿಲಿಮೀಟರು.

ಬೆಂಡು ನೋಡುವುದು ಮನೆಯಲ್ಲಿ. ಡೈನಿಂಗ್ ಟೇಬಲ್ಲಿನ ಗಾಜಿನ ಮೇಲೆ ಪೈಪನ್ನು ಅಂಗೈಯಲ್ಲಿ ನಿಧಾನಕ್ಕೆ ಉರುಳಿಸುತ್ತಾರೆ. ಕೆನ್ನೆ ಗಾಜಿಗೆ ತಾಗುವಷ್ಟು ಬಗ್ಗಿ ಅಡಿಯಲ್ಲಿ ಬೆಳಕು ಇಣುಕುತ್ತದಾ ನೋಡುತ್ತಾರೆ. ನೆಟ್ಟಗಿದ್ದರೆ ಬೆಳಕಿಲ್ಲ, ಬೆಂಡಿದ್ದರೆ ಒಂದೊಂದು ಸುತ್ತಿಗೂ ಒಂದು ಗೆರೆ ಬೆಳಕು ಬಂದು ಹೋಗುತ್ತದೆ. ‘ಬಂತು, ಬಂತು!’ ಎಂದು ಅವರು ಕೂಗಿದರೆ ನೆಂಟರು ಬಂದರೇನೋ ಎಂದು ಮನೆಯವರು ಬಾಗಿಲಿಗೆ ಓಡಿದ್ದೂ ಉಂಟು. ‘ಸಾರು ಆರಿಹೋಗ್ತಿದೆ. ತಟ್ಟೆ ಇಡಲೋ, ಪೈಪಿಗೇ ಬಡಿಸಲೋ?’ ಎಂಬುದು ಆ ಮನೆಯಲ್ಲಿ ಈಗ ದಿನದ ಮಾತು.

ಸ್ಪ್ರಿಂಗು ಭಾರ ಹೊರುತ್ತದೆ, ಕುಣಿತ ನಿಲ್ಲಿಸುವುದು ಎಣ್ಣೆ. ಎಣ್ಣೆ ಸಣ್ಣ ತೂತಿನಲ್ಲಿ ನುಗ್ಗಲು ಒದ್ದಾಡುವುದರಿಂದಲೇ ಗಾಡಿಯ ಮೂತಿ ಎಗರಾಡದೆ ಇರುತ್ತದೆ. ಎಣ್ಣೆ ಗಟ್ಟಿಯಾದಷ್ಟೂ ಫೋರ್ಕು ಬಿಗಿ. ಇಷ್ಟನ್ನು ರಾಯರು ಮಕ್ಕಳಿಗೂ ತಿಳಿಯುವಂತೆ ಹೇಳುತ್ತಾರೆ, ಬೇಡವೆಂದು ಅತ್ತರೂ ಹೇಳುತ್ತಾರೆ. ಸ್ಪ್ರಿಂಗಿನ ಮೇಲೆ ಪಿವಿಸಿ ಪೈಪಿನ ತುಂಡಿಟ್ಟು ಬಿಗಿ ಹೆಚ್ಚಿಸಿದರು. ಹತ್ತರ ಗ್ರೇಡಿಗೆ ಬದಲು ಇಪ್ಪತ್ತರ ಎಣ್ಣೆ ಹಾಕಿದರು. ಜೂನ್ ತಿಂಗಳ ಬಿಸಿಲಿನಲ್ಲಿ ಬಾಲ್ಕನಿಗೆ ಒಯ್ದು ಎದೆಗೊತ್ತಿ ಒತ್ತಿ ನೋಡಿ, ‘ಇನ್ನೂ ಮೆತ್ತಗೆ’ ಎಂದು ಅದಕ್ಕಿಂತ ಗಟ್ಟಿ ಎಣ್ಣೆ ಸುರಿದರು. ಆಗ ಅವರ ಮಗಳು, ಹತ್ತನೇ ಕ್ಲಾಸಿನವಳು, ಪುಸ್ತಕದಿಂದ ತಲೆಯೆತ್ತದೆ ಕೇಳಿದಳು: ‘ಅಪ್ಪಾ, ಬಿಸಿಗೆ ಎಣ್ಣೆ ತೆಳುವಾಗುತ್ತಲ್ವಾ? ಇಲ್ಲಿ ನಲವತ್ತೈದು ಡಿಗ್ರಿಗೆ ಸರಿಮಾಡಿದ್ದು ಮೈಸೂರಿನ ಡಿಸೆಂಬರಿಗೆ ಆಗುತ್ತಾ?’

ರಾಯರು ಒಂದು ವಾರ ಯಾರೊಂದಿಗೂ ಮಾತಾಡಲಿಲ್ಲ. ಎರಡನೇ ವಾರ ಮತ್ತೆ ಎಲ್ಲ ಬಿಚ್ಚಿದರು, ಮುಖದಲ್ಲಿ ಕಳೆ ಬಂತು. ಆ ಕಳೆ ನೋಡಿಯೇ ನನಗೆ ಗುಟ್ಟು ಹೊಳೆದದ್ದು. ಗಲ್ಫಿನಲ್ಲಿರುವ ಪ್ರತಿಯೊಬ್ಬ ಕನ್ನಡಿಗನೂ ‘ಮುಂದಿನ ವರ್ಷ ಊರಿಗೆ ಹೋಗಿ ಸೆಟಲ್ ಆಗೋದು’ ಅನ್ನುತ್ತಾನೆ. ರಾಯರು ಆ ‘ಮುಂದಿನ ವರ್ಷ’ಕ್ಕೆ ಒಂದು ತಾಂತ್ರಿಕ ಕಾರಣ ಹುಡುಕಿಕೊಂಡಿದ್ದಾರೆ, ಅಷ್ಟೆ. ಫೋರ್ಕು ಮುಗಿದರೆ ಹೊರಡಲೇಬೇಕಾಗುತ್ತದೆ.

ಆದ್ದರಿಂದ ಮಸ್ಕತ್ತಿನಿಂದ ಬೆಂಗಳೂರಿಗೆ ಹೊರಟಿರುವ ಪರೋಪಕಾರಿಗಳಲ್ಲಿ ಒಂದು ಮನವಿ. ನಿಮ್ಮ ಲಗೇಜಿನಲ್ಲಿ ಫೋರ್ಕು ಹಿಡಿಸುವಷ್ಟು ಜಾಗ ಮಿಕ್ಕಿದ್ದರೆ ಖರ್ಜೂರ ತುಂಬಿಕೊಳ್ಳಿ. ಜಾಗವಿದೆ ಎಂದು ರಾಯರಿಗೆ ಮಾತ್ರ ಹೇಳಬೇಡಿ.